ನಾಲ್ಕು ಮಳೆಗಾಲ ಕಂಡ ನಮ್ಮ ಪ್ಲಾಸ್ಮಾ ಮೆಷಿನ್

ನಮ್ಮ ಆಸ್ಪತ್ರೆಗೆ ಪ್ಲಾಸ್ಮಾ ಸ್ಟೆರಿಲೈಜರ್, ಅಂದರೆ ಬಿಸಿ ತಡೆಯದ ಆಪರೇಷನ್ ಸಾಮಾನಿನ ರೋಗಾಣು ಕೊಲ್ಲುವ ಮೆಷಿನ್, ಬಂದು ನಾಲ್ಕು ಮಳೆಗಾಲ ಆಯಿತು. ವರ್ಷದ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಯಾಕೆ ಹೇಳ್ತಿದೀನಿ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ನಮ್ಮದು ಶಿವಮೊಗ್ಗ. ದೊಡ್ಡ ಆಸ್ಪತ್ರೆ ಏನಲ್ಲ, ಎರಡು ಓಟಿ (ಆಪರೇಷನ್ ಥಿಯೇಟರ್) ಇವೆ. ನಾನು ಸಿಎಸ್‌ಎಸ್‌ಡಿ, ಅಂದರೆ ಸಾಮಾನು ಶುದ್ಧ ಮಾಡುವ ವಿಭಾಗ, ನೋಡಿಕೊಳ್ಳುವ ಸಿಸ್ಟರ್. ಓಟಿಯಲ್ಲಿ ಬಳಸಿದ ಸಾಮಾನೆಲ್ಲ ನಮ್ಮ ಹತ್ತಿರ ಬರುತ್ತದೆ. ತೊಳೆದು, ಒಣಗಿಸಿ, ಪ್ಯಾಕ್ ಮಾಡಿ, ಸ್ಟೆರೈಲ್ ಮಾಡಿ (ಒಂದೂ ರೋಗಾಣು ಉಳಿಯದ ಹಾಗೆ ಮಾಡಿ) ವಾಪಸ್ ಕಳಿಸುವುದು ನಮ್ಮ ಕೆಲಸ.

ಬೇರೆ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡುವ ಗೆಳತಿಯರು ಆಗಾಗ ಫೋನ್ ಮಾಡುತ್ತಾರೆ. "ನಮ್ಮ ಸರ್ ಪ್ಲಾಸ್ಮಾ ತಗೊಳ್ಳೋಣ ಅಂತಿದಾರೆ. ನೀನು ಬಳಸಿದೀಯಲ್ಲ, ಹೇಗಿದೆ?" ಅಂತ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿದ್ದನ್ನೇ ಹೇಳಿದ್ದೀನಿ. ಈಗ ಒಂದೇ ಸಲ ಬರೆದಿಡುತ್ತಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಬಳಸಿರುವುದು ಒಂದೇ ಮೆಷಿನ್, ಅದನ್ನು ನೋಡಿ ಒಂದು ಕಂಪನಿ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲು, ಇದು ಯಾಕೆ ಬೇಕಾಯಿತು ಅಂತ. ಕತ್ತರಿ, ಆರ್ಟರಿ ಫೋರ್ಸೆಪ್ಸ್, ರಿಟ್ರ್ಯಾಕ್ಟರ್ ಇವಕ್ಕೆಲ್ಲ ಆಟೋಕ್ಲೇವ್, ಅಂದರೆ ಹಬೆಯ ಮೆಷಿನ್, ಸಾಕು. 121 ಡಿಗ್ರಿಯೋ 134 ಡಿಗ್ರಿಯೋ ಹಬೆ ಕೊಟ್ಟರೆ ಉಕ್ಕಿಗೆ ಏನೂ ಆಗುವುದಿಲ್ಲ. ಅದಕ್ಕಿಂತ ಅಗ್ಗದ, ನಂಬಿಕೆಯ ದಾರಿ ಇನ್ನೊಂದಿಲ್ಲ. ತೊಂದರೆ ಶುರುವಾಗುವುದು ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್ನಿನ ಸಾಮಾನಿನಿಂದ. ಹೊಟ್ಟೆಯೊಳಗೆ ನೋಡುವ ಟೆಲಿಸ್ಕೋಪ್ ನೋಡಲು ಒಂದು ಉಕ್ಕಿನ ಕೋಲು, ಅಷ್ಟೇ. ಆದರೆ ಅದರೊಳಗೆ ಗಾಜಿನ ಸಣ್ಣ ಕಡ್ಡಿಗಳು ಸಾಲಾಗಿ ಕೂತಿರುತ್ತವೆ. ತುದಿಯ ಲೆನ್ಸನ್ನು ಅಂಟಿನಿಂದ ಸೀಲ್ ಮಾಡಿರುತ್ತಾರೆ. ಹಬೆಗೆ ಮತ್ತೆ ಮತ್ತೆ ಹಾಕಿದರೆ ಸೀಲ್ ಬಿಡುತ್ತದೆ, ಒಳಗೆ ತೇವ ಹೋಗುತ್ತದೆ, ಚಿತ್ರ ಮಂಜಾಗುತ್ತದೆ. ಹಬೆ ತಡೆಯುವ ಸ್ಕೋಪ್‌ಗಳೂ ಈಗ ಬರುತ್ತವೆ, ಅವುಗಳ ಮೇಲೆ ಹಾಗಂತ ಬರೆದಿರುತ್ತದೆ. ನಮ್ಮ ಹಳೆಯ ಸ್ಕೋಪ್ ಅಂಥದ್ದಲ್ಲ. ಕ್ಯಾಮೆರಾ ಹೆಡ್, ಲೈಟ್ ಕೇಬಲ್, ಕಣ್ಣಿನ ಓಟಿಯ ಕೆಲವು ಹ್ಯಾಂಡ್‌ಪೀಸ್, ಮೂತ್ರಕೋಶ ನೋಡುವ ಬಾಗುವ ಸ್ಕೋಪ್, ಇವೆಲ್ಲ ಬಿಸಿಗೆ ಅಂಜುವ ಸಾಮಾನುಗಳು.

ಇವಕ್ಕೆ ಮೊದಲು ಎರಡು ದಾರಿ ಇದ್ದವು. ಒಂದು ಇಟಿಓ, ಅಂದರೆ ಎಥಿಲಿನ್ ಆಕ್ಸೈಡ್ ಗ್ಯಾಸ್. ಕೆಲಸ ಚೆನ್ನಾಗಿ ಮಾಡುತ್ತದೆ, ಉದ್ದದ ಸಣ್ಣ ಕೊಳವೆಯೊಳಗೂ ನುಗ್ಗುತ್ತದೆ. ಆದರೆ ಅದು ಬೆಂಕಿ ಹತ್ತುವ ಗ್ಯಾಸ್, ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಗ್ಯಾಸ್. ಸ್ಟೆರೈಲ್ ಆದ ಮೇಲೂ ಸಾಮಾನಿನೊಳಗೆ ಉಳಿದ ಗ್ಯಾಸ್ ಹೋಗಬೇಕು. 50 ಡಿಗ್ರಿಯಲ್ಲಿ ಗಾಳಿ ಆಡಿಸಿದರೆ ಅದಕ್ಕೇ 12 ಗಂಟೆ ಬೇಕು. ಅಂದರೆ ಒಂದು ಸ್ಕೋಪ್ ಇದ್ದರೆ ದಿನಕ್ಕೆ ಒಂದು ಕೇಸ್.

ಇನ್ನೊಂದು ದಾರಿ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ನೆನೆಸುವುದು. ಎರಡು ಪರ್ಸೆಂಟ್ ದ್ರಾವಣ, ಉದ್ದದ ಟ್ರೇ, ಕಣ್ಣಲ್ಲಿ ನೀರು ಬರಿಸುವ ವಾಸನೆ. ನಿಜವಾಗಿ ಸ್ಟೆರೈಲ್ ಆಗಬೇಕಾದರೆ 10 ಗಂಟೆ ನೆನೆಯಬೇಕು. ಆದರೆ ಒಂದು ಕೇಸ್ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಯಾರು 10 ಗಂಟೆ ಕಾಯುತ್ತಾರೆ? 20 ನಿಮಿಷ ಮುಳುಗಿಸಿ, ತೊಳೆದು ಕೊಡುತ್ತಿದ್ದೆವು. 20 ನಿಮಿಷಕ್ಕೆ ಮಾಮೂಲಿ ರೋಗಾಣು ಸಾಯುತ್ತವೆ. ಸ್ಪೋರ್, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದಂತಿರುವ ರೋಗಾಣು, ಸಾಯುವುದಿಲ್ಲ.

ಇದರ ಬೆಲೆ ಏನು ಅಂತ ನಾನು ಹಿಂದೆ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ನೋಡಿದ್ದೀನಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದ ಒಬ್ಬ ಅಮ್ಮ. ಮೂರನೇ ದಿನ ನಗುತ್ತಾ ಮನೆಗೆ ಹೋದರು. ಗಾಯ ಚೆನ್ನಾಗಿ ಕೂಡಿತ್ತು. ಐದು ವಾರ ಕಳೆದ ಮೇಲೆ ಹೊಕ್ಕಳ ಹತ್ತಿರದ ಆ ಸಣ್ಣ ಗಾಯದ ಜಾಗದಲ್ಲಿ ಗಂಟು ಬಂತು. ಆಮೇಲೆ ನೀರಿನಂಥ ಕೀವು. ಮಾಮೂಲಿ ಆಂಟಿಬಯಾಟಿಕ್ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಪರೀಕ್ಷೆಯಲ್ಲಿ ಅಟಿಪಿಕಲ್ ಮೈಕೋಬ್ಯಾಕ್ಟೀರಿಯಾ ಅಂತ ಬಂತು. ಕ್ಷಯದ ರೋಗಾಣುವಿನ ದಾಯಾದಿ ಇದ್ದ ಹಾಗೆ. ನಲ್ಲಿ ನೀರಿನಲ್ಲೂ ಬದುಕುತ್ತದೆ. ಇವುಗಳಲ್ಲಿ ಕೆಲವು ಗ್ಲುಟರಾಲ್ಡಿಹೈಡನ್ನೂ ತಡೆದುಕೊಳ್ಳುತ್ತವೆ. ಸಾಮಾನಿನ ಕೀಲು ಬಿಚ್ಚದೆ ತೊಳೆದರೆ ಅಲ್ಲೇ ಅಡಗಿ ಕೂರುತ್ತದೆ. ಲ್ಯಾಪ್ರೋಸ್ಕೋಪಿ ಮಾಡುವ ಎಲ್ಲ ಸರ್ಜನ್‌ಗಳಿಗೂ ಈ ಕಾಟ ಗೊತ್ತು.

ಆ ಅಮ್ಮನಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು. ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್‌ಗೆ ಬಸ್ಸಿನಲ್ಲಿ ಬರುತ್ತಿದ್ದರು. ಡ್ರೆಸ್ಸಿಂಗ್ ಮಾಡುತ್ತಿದ್ದವಳು ನಾನು. "ಕಲ್ಲು ತೆಗೆದಾಯ್ತಲ್ಲ ಸಿಸ್ಟರ್, ಮತ್ತೆ ಇದ್ಯಾಕೆ ವಾಸಿ ಆಗ್ತಾ ಇಲ್ಲ?" ಅಂತ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಇಲ್ಲಿಗೆ ಕೆಲಸಕ್ಕೆ ಸೇರಿದಾಗ ಮ್ಯಾನೇಜ್‌ಮೆಂಟ್ ಮುಂದೆ ನಾನು ಮೊದಲು ಇಟ್ಟ ಬೇಡಿಕೆ ಈ ಮೆಷಿನ್. ಬರಲು ಎರಡು ವರ್ಷ ಹಿಡಿಯಿತು.

ಮೆಷಿನ್ ಏನು ಮಾಡುತ್ತದೆ ಅಂತ ಸರಳವಾಗಿ ಹೇಳ್ತೀನಿ. ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಬಳಸ್ತೀವಲ್ಲ, ಹಾಕಿದ ತಕ್ಷಣ ನೊರೆ ಬರುತ್ತದಲ್ಲ, ಅದೇ ಔಷಧಿ. ಮೆಡಿಕಲ್ ಶಾಪಿನದ್ದು ಸುಮಾರು 6 ಪರ್ಸೆಂಟ್ ಇರುತ್ತದೆ. ಮೆಷಿನ್‌ಗೆ ಹಾಕುವ ಔಷಧಿ ಡಬ್ಬಿ, ಅಂದರೆ ಕ್ಯಾಸೆಟ್‌ನಲ್ಲಿರುವುದು 60 ಪರ್ಸೆಂಟ್ ಹತ್ತಿರ. ಸಾಮಾನು ಒಳಗಿಟ್ಟು ಬಾಗಿಲು ಹಾಕಿದ ಮೇಲೆ ಪಂಪ್ ಒಳಗಿನ ಗಾಳಿಯನ್ನೆಲ್ಲ ಎಳೆದು ಹಾಕುತ್ತದೆ. ಹೊರಗಿನ ಗಾಳಿಯ ಒತ್ತಡದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುವವರೆಗೆ. ಆಮೇಲೆ ಸ್ವಲ್ಪವೇ ಪೆರಾಕ್ಸೈಡ್ ಒಳಗೆ ಬಿಡುತ್ತದೆ. ಅದು ಆವಿಯಾಗಿ ಮೂಲೆ ಮೂಲೆಗೂ ಹೋಗುತ್ತದೆ. ನಂತರ ಒಳಗೆ ಜೋರಾದ ವಿದ್ಯುತ್ ಅಲೆ ಹರಿಸಿದಾಗ ಆ ಆವಿ ಒಡೆದು ಪ್ಲಾಸ್ಮಾ ಆಗುತ್ತದೆ. ಪ್ಲಾಸ್ಮಾ ಅಂದರೆ ರಕ್ತದ ಪ್ಲಾಸ್ಮಾ ಅಲ್ಲ, ಎಷ್ಟೋ ಜನ ಹಾಗೆ ತಿಳಿಯುತ್ತಾರೆ. ಟ್ಯೂಬ್‌ಲೈಟ್ ಒಳಗೆ ಹೊಳೆಯುವುದು, ಮಿಂಚಿನಲ್ಲಿ ಇರುವುದು, ಅದು ಪ್ಲಾಸ್ಮಾ. ಈ ಅರ್ಥದಲ್ಲಿ ಆ ಹೆಸರು ಕೊಟ್ಟವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ. ಕೊನೆಗೆ ಉಳಿಯುವುದು ನೀರಿನ ಆವಿ ಮತ್ತು ಆಮ್ಲಜನಕ. ಇಷ್ಟೆಲ್ಲ ನಡೆದರೂ ಒಳಗೆ 50 ಡಿಗ್ರಿಯ ಆಸುಪಾಸು ಬಿಸಿ ಇರುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು. "ಪ್ಲಾಸ್ಮಾ ರೋಗಾಣು ಕೊಲ್ಲುತ್ತೆ ಮೇಡಂ" ಅಂತ ಮಾರಲು ಬರುವವರು ಹೇಳುತ್ತಾರೆ. ಕೊಲ್ಲುವ ಕೆಲಸದ ಹೆಚ್ಚಿನ ಪಾಲು ಪೆರಾಕ್ಸೈಡ್ ಆವಿಯದ್ದೇ. ಪ್ಲಾಸ್ಮಾದ ದೊಡ್ಡ ಉಪಕಾರ ಏನೆಂದರೆ, ಸಾಮಾನಿನ ಮೇಲೆ ಉಳಿದ ಪೆರಾಕ್ಸೈಡನ್ನು ಒಡೆದು ಹಾಕುವುದು. ಅದರಿಂದಲೇ ಇಟಿಓ ಥರ 12 ಗಂಟೆ ಕಾಯುವ ಕಷ್ಟ ಇಲ್ಲ. ಇದು ಗೊತ್ತಿದ್ದರೆ ಮೆಷಿನ್ ಯಾಕೆ ಕೆಲವು ಸಾಮಾನು ಬೇಡ ಅನ್ನುತ್ತದೆ ಅಂತಲೂ ಅರ್ಥವಾಗುತ್ತದೆ. ಆವಿ ಎಲ್ಲಿ ಮುಟ್ಟುವುದಿಲ್ಲವೋ ಅಲ್ಲಿ ಏನೂ ಆಗುವುದಿಲ್ಲ. ಇಂಥ ಮೆಷಿನ್ ಹೊಸದೂ ಅಲ್ಲ. ಸ್ಟೆರಾಡ್ 100 ಅನ್ನುವ ಮೊದಲ ಮಾಡೆಲ್‌ಗೆ ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ.

ನಮ್ಮ ಮೆಷಿನ್‌ನಲ್ಲಿ ಒಂದು ಸೈಕಲ್‌ಗೆ (ಬಾಗಿಲು ಹಾಕಿ ತೆಗೆಯುವವರೆಗಿನ ಒಂದು ಸುತ್ತಿಗೆ) 50 ನಿಮಿಷ ಹಿಡಿಯುತ್ತದೆ. ತೊಳೆಯುವುದು, ಒಣಗಿಸುವುದು, ಪ್ಯಾಕಿಂಗ್ ಸೇರಿ ಹತ್ತಿರ ಎರಡು ಗಂಟೆ. ಎರಡು ಸ್ಕೋಪ್ ಇಟ್ಟುಕೊಂಡು ದಿನಕ್ಕೆ ನಾಲ್ಕೈದು ಕೇಸ್ ಆರಾಮಾಗಿ ನಡೆಸುತ್ತೀವಿ. ಹೊರಗೆ ತೆಗೆದ ಸ್ಕೋಪ್ ಬೆಚ್ಚಗಿರುತ್ತದೆ, ಸುಡುವುದಿಲ್ಲ. ನೇರ ಓಟಿಗೆ ಹೋಗುತ್ತದೆ. ಗ್ಲುಟರಾಲ್ಡಿಹೈಡ್ ಟ್ರೇ ಓಟಿಯಿಂದ ಹೊರಗೆ ಹೋದ ದಿನ ನಮ್ಮ ಓಟಿ ಸಿಸ್ಟರ್ ಬಂದು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಆ ವಾಸನೆಗೆ ವರ್ಷಗಟ್ಟಲೆ ಕೆಮ್ಮು ಇತ್ತು.

ಈಗ ಮಳೆಗಾಲದ ಕಥೆ.

ಮೆಷಿನ್ ಬಂದದ್ದು ಫೆಬ್ರವರಿಯಲ್ಲಿ. ಮೇ ಕೊನೆಯವರೆಗೆ ಒಂದೇ ಒಂದು ಸೈಕಲ್ ಕೆಡಲಿಲ್ಲ. ನಾವೆಲ್ಲ ಹಿಗ್ಗಿದ್ದೆವು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ದಿನಾ ಒಂದಲ್ಲ ಒಂದು ಸೈಕಲ್ ನಡುವೆ ನಿಂತು ಕೆಂಪು ಅಕ್ಷರ ತೋರಿಸಲು ಶುರುವಾಯಿತು. ವ್ಯಾಕ್ಯೂಮ್ ಆಗುತ್ತಿಲ್ಲ ಅಂತ. ಮೆಷಿನ್ ಕೆಟ್ಟಿದೆ ಅಂದುಕೊಂಡೆವು. ಬಂದ ಇಂಜಿನಿಯರ್ ಪಂಪ್ ನೋಡಿದರು, ಬಾಗಿಲ ರಬ್ಬರ್ ನೋಡಿದರು. ಎಲ್ಲ ಸರಿ ಇತ್ತು. ಕೊನೆಗೆ ಪ್ಯಾಕ್ ಬಿಚ್ಚಿ, ಟ್ರೋಕಾರ್‌ನ (ಸ್ಕೋಪ್ ಹೊಟ್ಟೆಯೊಳಗೆ ಹೋಗುವ ಕೊಳವೆಯ) ವಾಲ್ವ್ ಮಡಿಕೆ ಬಿಡಿಸಿ ತೋರಿಸಿದರು. ಸಾಸಿವೆ ಕಾಳಿನಷ್ಟು ಒಂದು ನೀರಿನ ಹನಿ. ಅಷ್ಟೇ ಸಾಕಂತೆ. ಗಾಳಿ ಖಾಲಿಯಾದಾಗ ಆ ಹನಿ ಆವಿಯಾಗುತ್ತಲೇ ಇರುತ್ತದೆ, ಒತ್ತಡ ಇಳಿಯುವುದೇ ಇಲ್ಲ. ಕೆಲವು ಸಲ ಆ ಹನಿ ತಣ್ಣಗಾಗಿ ಅಲ್ಲೇ ಮಂಜುಗಡ್ಡೆ ಕಟ್ಟುತ್ತದೆ. ಅದರ ಕೆಳಗಿನ ಜಾಗಕ್ಕೆ ಪೆರಾಕ್ಸೈಡ್ ಹೋಗುವುದಿಲ್ಲ.

ಮಲೆನಾಡಿನ ಮಳೆ ಕಂಡವರಿಗೆ ಗೊತ್ತು, ಇಲ್ಲಿ ಒಣಗಿಸುವುದು ಅಂದರೆ ಏನು ಅಂತ. ನಮ್ಮಲ್ಲಿ ತೊಳೆಯುವ ಹುಡುಗ ತೀರ್ಥಹಳ್ಳಿ ಕಡೆಯವನು. "ಅಕ್ಕಾ, ಮನೇಲಿ ಬಟ್ಟೆನೇ ನಾಲ್ಕು ದಿನಕ್ಕೂ ಒಣಗ್ತಿಲ್ಲ. ಇದು ಹೆಂಗೆ ಒಣಗುತ್ತೆ?" ಅಂದ. ಅವನ ಮಾತು ನಿಜ. ಬಟ್ಟೆಯಿಂದ ಒರೆಸಿ ಟ್ರೇಯಲ್ಲಿ ಹರಡಿದರೆ ಬೇಸಿಗೆಯಲ್ಲಿ ಸಾಕಾಗುತ್ತಿತ್ತು. ಜೂನ್‌ನಲ್ಲಿ ಅದೇ ಸಾಮಾನು ಸಂಜೆವರೆಗೂ ಜಿನುಗುತ್ತಿತ್ತು.

ಮುಂದಿನ ಎರಡು ವಾರ ನಾವು ಮಾಡಿದ ಕೆಲಸವೇ ಈ ಮೆಷಿನ್ನನ್ನು ಉಳಿಸಿತು ಅಂತ ನನ್ನ ಅಭಿಪ್ರಾಯ. ತೊಳೆಯುವ ಕೋಣೆಯಿಂದ ಪ್ಯಾಕಿಂಗ್ ಕೋಣೆಯನ್ನು ಬೇರೆ ಮಾಡಿದೆವು, ಅಲ್ಲಿಗೆ ತೇವ ಹೀರುವ ಮೆಷಿನ್ ಹಾಕಿಸಿದೆವು. ಕಂಪ್ರೆಸರ್‌ನ ಒಣ ಗಾಳಿಗೆ ಏರ್ ಗನ್ ಹಾಕಿದೆವು. ಬಿಚ್ಚಲು ಬರುವ ಎಲ್ಲವನ್ನೂ ಬಿಚ್ಚಿ, ಕೊಳವೆ ಇರುವ ಪ್ರತಿ ಸಾಮಾನಿಗೂ ಗಾಳಿ ಊದುವುದು. ಊದುವಾಗ ಇನ್ನೊಂದು ತುದಿಗೆ ನುಣುಪು ನೀಲಿ ಹಾಳೆ ಹಿಡಿಯುವುದು. ಹಾಳೆ ಮೇಲೆ ಮಸುಕು ಬಂದರೂ ಸಾಕು, ಮತ್ತೆ ಊದಬೇಕು. ಆ ಹುಡುಗ ಈಗ ಶಬ್ದ ಕೇಳಿಯೇ ಹೇಳುತ್ತಾನೆ. ನೀರಿದ್ದರೆ ಗಾಳಿ ಚಟಚಟ ಅನ್ನುತ್ತದಂತೆ, ಒಣಗಿದರೆ ಒಂದೇ ಸಮನೆ ಸುಯ್ ಅನ್ನುತ್ತದಂತೆ. ಎರಡನೇ ಮಳೆಗಾಲದಲ್ಲಿ ತಿಂಗಳಿಗೆ ಒಂದೋ ಎರಡೋ ಸೈಕಲ್ ನಿಂತವು. ಕಳೆದ ವರ್ಷ ಇಡೀ ಜುಲೈನಲ್ಲಿ ಒಂದೂ ಇಲ್ಲ.

ಮೆಷಿನ್ ತಗೊಳ್ಳುವವರು ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕೊಟೇಷನ್‌ನಲ್ಲಿ ಏರ್ ಗನ್ ಇರುವುದಿಲ್ಲ, ಒಣಗಿಸುವ ಕೋಣೆ ಇರುವುದಿಲ್ಲ. ಪೆರಾಕ್ಸೈಡ್ ಬಿಡುವ ಮುಂಚೆ ಸೈಕಲ್ ನಿಂತರೆ ಔಷಧಿ ಉಳಿಯುತ್ತದೆ. ಬಿಟ್ಟ ಮೇಲೆ ನಿಂತರೆ ಒಂದು ಸೈಕಲ್‌ನ ಔಷಧಿ ಹೋಯಿತು ಅಂತಲೇ.

ಒಳಗೆ ಏನು ಇಡಬಾರದು ಅನ್ನುವುದು ಇನ್ನೊಂದು ಪಾಠ. ಹತ್ತಿ, ಗಾಜ್ ಬಟ್ಟೆ, ಕಾಗದ, ಓಟಿ ಲಿನನ್ ಯಾವುದೂ ಹೋಗಬಾರದು. ಇವು ಪೆರಾಕ್ಸೈಡ್ ಹೀರಿಕೊಂಡು ಬಿಡುತ್ತವೆ, ಸಾಮಾನಿಗೆ ಸಿಗುವುದಿಲ್ಲ. ದ್ರವ, ಪುಡಿ ಇವೂ ಇಲ್ಲ. ಹೊಸದಾಗಿ ಬಂದ ಒಬ್ಬ ಹುಡುಗಿ ಸೂಕ್ಷ್ಮವಾದ ತುದಿ ಮುರಿಯಬಾರದು ಅಂತ ಕಾಳಜಿಯಿಂದ ಒಂದು ಚೂರು ಗಾಜ್ ಬಟ್ಟೆ ಸುತ್ತಿ ಇಟ್ಟಿದ್ದಳು. ಸೈಕಲ್ ನಿಂತಿತು. ಬೈಯಲಿಲ್ಲ. ಸಿಲಿಕೋನ್ ಟೋಪಿ ಎಲ್ಲಿದೆ ಅಂತ ತೋರಿಸಿದೆ.

ಪೌಚ್ ವಿಷಯದಲ್ಲಿ ಜಾಸ್ತಿ ಹುಷಾರು ಬೇಕು. ಆಟೋಕ್ಲೇವ್‌ಗೆ ಬಳಸುವುದು ಒಂದು ಕಡೆ ಕಾಗದ ಇರುವ ಪೌಚ್. ಪ್ಲಾಸ್ಮಾಕ್ಕೆ ಟೈವೆಕ್ ಬೇಕು. ಅದು ಪಾಲಿಥಿನ್ ಎಳೆಗಳಿಂದ ಮಾಡಿದ್ದು. ಎರಡೂ ಬಿಳಿ, ದೂರದಿಂದ ಒಂದೇ ಥರ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಟೈವೆಕ್ ನುಣ್ಣಗೆ, ಸ್ವಲ್ಪ ರೇಷ್ಮೆ ಹಾಗೆ ಇರುತ್ತದೆ. ಬೆರಳಿನಿಂದ ಹರಿಯಲು ನೋಡಿದರೆ ಹರಿಯುವುದಿಲ್ಲ. ನಾವು ಎರಡನ್ನೂ ಬೇರೆ ಬೇರೆ ಬೀರುವಿನಲ್ಲಿ ಇಡುತ್ತೀವಿ. ಅದೇ ಥರ ಟೈವೆಕ್ ತಪ್ಪಿ ಆಟೋಕ್ಲೇವ್‌ಗೆ ಹೋದರೆ 134 ಡಿಗ್ರಿಗೆ ಕರಗಿ ಅಂಟಿಕೊಳ್ಳುತ್ತದೆ.

ಕೊಳವೆ ಇರುವ ಸಾಮಾನಿಗೆ ಒಂದು ಮಿತಿ ಇದೆ. ತೂತು ಎಷ್ಟು ಸಣ್ಣ, ಉದ್ದ ಎಷ್ಟು ಅನ್ನುವುದರ ಮೇಲೆ ಪ್ರತಿ ಮೆಷಿನ್‌ನ ಪುಸ್ತಕದಲ್ಲಿ ಅಳತೆ ಕೊಟ್ಟಿರುತ್ತಾರೆ. ಒಂದು ತುದಿ ಮುಚ್ಚಿದ ಕೊಳವೆ ಆಗುವುದಿಲ್ಲ. ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪ್‌ನಂಥ ಉದ್ದದ್ದನ್ನು ನಾವು ಹಾಕುವುದಿಲ್ಲ. ಬಾಗುವ ಸ್ಕೋಪ್ ಹಾಕುವಾಗ ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ಅದರ ಜೊತೆ ಒಂದು ಸಣ್ಣ ವೆಂಟಿಂಗ್ ಕ್ಯಾಪ್ ಬಂದಿರುತ್ತದೆ. ನೀರಲ್ಲಿ ತೊಳೆಯುವಾಗ ಅದು ಇರಬಾರದು, ಮೆಷಿನ್‌ಗೆ ಹಾಕುವಾಗ ಇರಲೇಬೇಕು. ಇಲ್ಲದಿದ್ದರೆ ಹೊರಗೆ ಗಾಳಿ ಖಾಲಿಯಾದಾಗ ಸ್ಕೋಪಿನ ಒಳಗಿನ ಗಾಳಿ ಉಬ್ಬಿ ಮೇಲಿನ ರಬ್ಬರ್ ಒಡೆಯುತ್ತದೆ. ಲಕ್ಷಗಟ್ಟಲೆಯ ಸ್ಕೋಪ್. ಒಂದು ಸಲ ಬಾಗಿಲು ಹಾಕುವ ಮುಂಚೆ ಕೊನೇ ಕ್ಷಣಕ್ಕೆ ನನ್ನ ಕಣ್ಣಿಗೆ ಬಿತ್ತು. ಅವತ್ತಿನಿಂದ ಆ ಕ್ಯಾಪ್‌ಗೆ ಮೆಷಿನ್ ಪಕ್ಕದಲ್ಲೇ ಒಂದು ಕೆಂಪು ಡಬ್ಬಿ ಇಟ್ಟಿದ್ದೀನಿ. ಬಟನ್ ಒತ್ತುವ ಮುಂಚೆ ಡಬ್ಬಿ ಖಾಲಿ ಇದೆಯಾ ಅಂತ ನೋಡಬೇಕು.

ಕೈಗೆ ಗ್ಲೌಸ್ ಇಲ್ಲದೆ ಕ್ಯಾಸೆಟ್ ಮುಟ್ಟಬೇಡಿ, ನಡುವೆ ನಿಂತ ಲೋಡ್ (ಒಳಗಿಟ್ಟ ಸಾಮಾನು) ಅಂತೂ ಮುಟ್ಟಲೇಬೇಡಿ. ಮೊದಲ ವರ್ಷ ಹೀಗೇ ನಿಂತ ಒಂದು ಲೋಡನ್ನು ಅವಸರದಲ್ಲಿ ಬರಿಗೈಲಿ ತೆಗೆದೆ. ಎರಡು ನಿಮಿಷಕ್ಕೆ ಹೆಬ್ಬೆರಳು, ತೋರುಬೆರಳ ತುದಿ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಯಿತು. ಸೂಜಿ ಚುಚ್ಚಿದಂಥ ಉರಿ. ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ. ಸಂಜೆ ಹೊತ್ತಿಗೆ ಬಿಳಿ ಹೋಯಿತು. "ಏನೂ ವಿಷ ಉಳಿಯಲ್ಲ" ಅನ್ನುವುದು ಸೈಕಲ್ ಪೂರ್ತಿ ಮುಗಿದಾಗ ಮಾತ್ರ ನಿಜ.

ಸ್ಟೆರೈಲ್ ಆಯಿತು ಅಂತ ಹೇಗೆ ನಂಬುವುದು? ಪ್ರತಿ ಪೌಚ್ ಒಳಗೆ ಬಣ್ಣ ಬದಲಾಗುವ ಪಟ್ಟಿ ಇಡುತ್ತೀವಿ. ನಮ್ಮದು ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಆದರೆ ಆ ಪಟ್ಟಿ ಹೇಳುವುದು ಆವಿ ಮುಟ್ಟಿದೆ ಅಂತ ಮಾತ್ರ. ಸತ್ತಿದೆಯಾ ಅಂತ ಹೇಳುವುದು ಬಯಾಲಜಿಕಲ್ ಇಂಡಿಕೇಟರ್. ಸಣ್ಣ ಶೀಸೆಯಲ್ಲಿ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಗಟ್ಟಿ ಬ್ಯಾಕ್ಟೀರಿಯಾದ ಸ್ಪೋರ್ ಇರುತ್ತವೆ. ಅವು ಸತ್ತರೆ ಉಳಿದವೆಲ್ಲ ಸತ್ತಿವೆ ಅಂತ ಲೆಕ್ಕ. ಲೋಡ್ ಜೊತೆ ಹಾಕಿ, ಆಮೇಲೆ 55ರಿಂದ 60 ಡಿಗ್ರಿ ಬಿಸಿಯಲ್ಲಿ ಕಾವು ಕೊಟ್ಟು ನೋಡುತ್ತೀವಿ. ನೇರಳೆ ಬಣ್ಣ ಹಾಗೇ ಇದ್ದರೆ ಸತ್ತಿವೆ, ಹಳದಿ ಆದರೆ ಬದುಕಿವೆ. ಪಕ್ಕದಲ್ಲಿ ಮೆಷಿನ್‌ಗೆ ಹಾಕದ ಇನ್ನೊಂದು ಶೀಸೆ ಇಡಬೇಕು, ಅದು ಹಳದಿ ಆಗಲೇಬೇಕು. ಪಟ್ಟಿಯ ಹಳದಿ ಒಳ್ಳೆಯದು, ಶೀಸೆಯ ಹಳದಿ ಕೆಟ್ಟದ್ದು. ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೆ ಗೋಡೆ ಮೇಲೆ ನಿಜವಾದ ಪಟ್ಟಿ, ಶೀಸೆಗಳನ್ನೇ ಅಂಟಿಸಿದ್ದೀನಿ. ನಾವು ದಿನಾ ಮೊದಲ ಲೋಡ್‌ಗೆ ಈ ಪರೀಕ್ಷೆ ಮಾಡುತ್ತೀವಿ. ವಾರಕ್ಕೊಮ್ಮೆ ಸಾಕು ಅನ್ನುವವರಿದ್ದಾರೆ. ಆ ಅಮ್ಮನ ಡ್ರೆಸ್ಸಿಂಗ್ ಮಾಡಿದ ಕೈ ನನ್ನದು, ನನಗೆ ವಾರಕ್ಕೊಮ್ಮೆ ಸಾಲದು.

ದುಡ್ಡಿನ ಮಾತು. ಆಟೋಕ್ಲೇವ್‌ಗೆ ಹೋಲಿಸಿದರೆ ಒಂದು ಸೈಕಲ್‌ನ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಕ್ಯಾಸೆಟ್ ಆ ಕಂಪನಿಯದ್ದೇ ಬೇಕು, ಬೇರೆಯದನ್ನು ಮೆಷಿನ್ ಒಪ್ಪುವುದಿಲ್ಲ. ತಾರೀಖು ಮುಗಿದದ್ದನ್ನೂ ಒಪ್ಪುವುದಿಲ್ಲ. ಕೇಸ್ ಕಡಿಮೆ ಇದ್ದ ತಿಂಗಳು ಔಷಧಿ ಉಳಿದ ಕ್ಯಾಸೆಟ್ ಎಸೆದಿದ್ದೀವಿ, ಹೊಟ್ಟೆ ಉರಿಯುತ್ತದೆ. ಹಾಗಂತ ಆಟೋಕ್ಲೇವ್ ತಡೆಯುವ ಸಾಮಾನನ್ನು ಇದಕ್ಕೆ ಹಾಕುವುದು ಸುಮ್ನೆ ದುಡ್ಡು ಸುರಿದ ಹಾಗೆ. ನಾನು ಬಿಡುವುದಿಲ್ಲ. ಪಂಪ್‌ನ ಎಣ್ಣೆ, ಫಿಲ್ಟರ್ ಹೊತ್ತುಹೊತ್ತಿಗೆ ಬದಲಾಗಬೇಕು. ಕರೆಂಟ್ ಏರಿಳಿದರೆ ಸೈಕಲ್ ಹೋಗುತ್ತದೆ, ನಮ್ಮೂರಿನಲ್ಲಿ ಯುಪಿಎಸ್ ಇಲ್ಲದೆ ನಡೆಸಲು ಆಗುವುದಿಲ್ಲ. ಸರ್ವಿಸ್ ಬರುವುದು ಬೆಂಗಳೂರಿನಿಂದ, ಮುನ್ನೂರು ಕಿಲೋಮೀಟರ್. ಒಂದು ಸಲ ಮೂರು ದಿನ ಮೆಷಿನ್ ನಿಂತಿತ್ತು. ಇಟಿಓ ಉಳಿಸಿಕೊಂಡಿದ್ದಕ್ಕೆ ಬಚಾವಾದೆವು. ಎಎಂಸಿ (ವರ್ಷದ ಸರ್ವಿಸ್ ಒಪ್ಪಂದ) ಬರೆಸುವಾಗ ಎಷ್ಟು ಗಂಟೆಯೊಳಗೆ ಬರಬೇಕು ಅಂತ ಕಾಗದದ ಮೇಲೆ ಹಾಕಿಸಿಕೊಳ್ಳಿ.

ಹಾಗಾದರೆ ತಗೊಳ್ಳಬೇಕಾ? ದಿನಾ ಲ್ಯಾಪ್ರೋಸ್ಕೋಪಿ, ಆರ್ತ್ರೋಸ್ಕೋಪಿ (ಕೀಲಿನೊಳಗೆ ಸ್ಕೋಪ್ ಹಾಕುವುದು), ಯೂರಾಲಜಿ (ಮೂತ್ರಾಂಗ) ಕೇಸ್ ಇರುವ ಕಡೆ ಖಂಡಿತ ತಗೊಳ್ಳಿ. ವಾರಕ್ಕೆ ಒಂದೆರಡೇ ಕೇಸ್ ಇದ್ದರೆ ಒಂದು ಸ್ಕೋಪ್ ಜಾಸ್ತಿ ಕೊಂಡು ರಾತ್ರಿ ಇಟಿಓಗೆ ಹಾಕುವುದೇ ವಾಸಿ. ತೊಳೆಯಲು ತರಬೇತಿ ಆದ ಇಬ್ಬರು ಇಲ್ಲದಿದ್ದರೆ ಮಾತ್ರ ಮೊದಲು ಅವರನ್ನು ಇಟ್ಟುಕೊಳ್ಳಿ, ಮೆಷಿನ್ ಆಮೇಲೆ. ಒಣಗಿದ ರಕ್ತ ಅಂಟಿದ ಸಾಮಾನಿಗೆ ಯಾವ ಪ್ಲಾಸ್ಮಾವೂ ಏನೂ ಮಾಡಲಾರದು.

ನಮ್ಮ ಹಳೆಯ 10 ಮಿಲಿಮೀಟರ್ ಸ್ಕೋಪ್ ಮೆಷಿನ್ ಬಂದ ದಿನದಿಂದ ಇದರಲ್ಲೇ ಸ್ಟೆರೈಲ್ ಆಗುತ್ತಿದೆ. ತೊಳೆದು ಒಣಗಿಸಿದ ಮೇಲೆ, ಪ್ಯಾಕ್ ಮಾಡುವ ಮುಂಚೆ, ಅದನ್ನು ಗೋಡೆಯ ಕ್ಯಾಲೆಂಡರ್ ಹತ್ತಿರ ಹಿಡಿದು ನೋಡುವುದು ನನ್ನ ಅಭ್ಯಾಸ. ಲೆನ್ಸ್ ಮಂಜಾಗಿದ್ದರೆ ತಾರೀಖಿನ ಕೆಳಗಿನ ಸಣ್ಣ ಅಕ್ಷರ ಓದಲು ಬರುವುದಿಲ್ಲ. ಇವತ್ತು ಬೆಳಿಗ್ಗೆ ನೋಡಿದೆ. ತಿಥಿ ಓದಲು ಬಂತು, ನಕ್ಷತ್ರ ಓದಲು ಬಂತು. ಅದರ ಕೆಳಗೆ ಇನ್ನೂ ಸಣ್ಣದಾಗಿ ಪುನರ್ವಸು ಮಳೆ ಆರಂಭ ಅಂತ ಇತ್ತು. ಸ್ಕೋಪ್ ಪ್ಯಾಕ್ ಮಾಡಿ ಕೊಟ್ಟು, ಕಂಪ್ರೆಸರ್‌ನ ಫಿಲ್ಟರ್ ಬದಲಾಯಿಸಲು ಹುಡುಗನಿಗೆ ಹೇಳಿದೆ.